ಬಿದ್ದ ಎಲೆಯ ತೂಕ

ಎಡಕ್ಕೆ ಕೂರಿಸಬೇಕಾದ ದವಡೆಹಲ್ಲನ್ನು ಬಲಕ್ಕೆ ಕೂರಿಸಿಬಿಟ್ಟಿದ್ದೇನೆಂದು ಅವಳಿಗೆ ಗೊತ್ತಾಗುವ ಹೊತ್ತಿಗೆ ಮೇಣ ಗಟ್ಟಿಯಾಗಿತ್ತು. ಇಷ್ಟು ವರ್ಷ ಇದೇ ಮೇಜಿನ ಮುಂದೆ ಕೂತು ಯಾರ್ಯಾರದೋ ಬಾಯಿಗೆ ಹಲ್ಲುಸೆಟ್ಟು ಮಾಡಿಕೊಟ್ಟವಳು, ಬೆರಳಲ್ಲಿ ಮುಟ್ಟಿಯೇ ಎಡಬಲ ಹೇಳಬಲ್ಲವಳು, ಇವತ್ತು ಕಣ್ಣು ಬಿಟ್ಟುಕೊಂಡೇ ತಪ್ಪಿದ್ದಳು. ಕನ್ನಡಕ ಇರಲಿಲ್ಲ ಎನ್ನುವುದು ಒಂದು ನೆಪ. ಅದು ಮನೆಯಲ್ಲಿ ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಉಳಿದಿತ್ತು. ಬೆಳಿಗ್ಗೆ ಬಸ್‌ಸ್ಟಾಪಿನವರೆಗೆ ಹೋದವಳು ಅದನ್ನು ತರಲೆಂದೇ ಹಿಂದಿರುಗಿದ್ದಳು; ಹತ್ತಿರದ ದಾರಿಯೆಂದು ತೋಟದ ಪಕ್ಕದಿಂದ ಬಂದಿದ್ದಳು; ಅಲ್ಲಿ ಕಂಡದ್ದನ್ನು ಕಂಡು, ತನ್ನ ಮನೆಯ ಮುಂದೆ ತಾನೇ ಕಳ್ಳಿಯ ಹಾಗೆ ಹೆಜ್ಜೆ ಸಪ್ಪಳ ಅಡಗಿಸಿ, ಕನ್ನಡಕ ತೆಗೆದುಕೊಳ್ಳದೆಯೇ ವಾಪಸು ನಡೆದಿದ್ದಳು. ದೂರದ್ದು ಅವಳಿಗೆ ಚೆನ್ನಾಗಿಯೇ ಕಾಣುತ್ತದೆ. ಹತ್ತಿರದ್ದಕ್ಕೆ ಮಾತ್ರ ಕನ್ನಡಕ ಬೇಕು. ಹಾಗಾಗಿ ಕಂಡದ್ದರ ಬಗ್ಗೆ ಅನುಮಾನ ಪಡುವ ಸುಖವೂ ಅವಳಿಗೆ ಇರಲಿಲ್ಲ.

ಕಂಡದ್ದು ಇಷ್ಟು. ನೇರಳೆ ಮರದ ಕೆಳಗೆ, ಗೂಟಗಳಿಗೆ ಮೊಣಕಾಲೆತ್ತರದಲ್ಲಿ ಬಿಗಿದ ಸೊಳ್ಳೆಪರದೆಯ ಬಲೆಯ ಮುಂದೆ ಮಾವ ಬಗ್ಗಿ ನಿಂತಿದ್ದರು. ಬಲೆಯಲ್ಲಿ ಬಿದ್ದಿದ್ದ ಎಲೆಗಳನ್ನು ಎರಡೂ ಕೈಯಿಂದ ಬಾಚಿ ಬುಟ್ಟಿಗೆ ತುಂಬಿದರು. ಬಲೆಯ ಅಂಚು ಹಿಡಿದು ಕೊಡವಿ, ಮೂಲೆಗೆ ಅಂಟಿದ್ದ ಒಂದು ಎಲೆಯನ್ನೂ ಬಿಡದೆ ಉಗುರಿನಿಂದ ಕಿತ್ತು ತೆಗೆದರು. ಆಮೇಲೆ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಗೋಡೆಯ ಹತ್ತಿರ ಹೋಗಿ, ಅತ್ತಿತ್ತ ನೋಡಿ, ತೋಳು ಬೀಸಿ, ಅಷ್ಟನ್ನೂ ಆಚೆಗೆ, ಬೀದಿಯ ಸಂಘದ ಅಧ್ಯಕ್ಷರ ಮನೆಯ ಪಕ್ಕದ ಸಂದಿಗೆ, ಸುರಿದರು. ಆ ತೋಳಿಗೆ ಅದು ಹೊಸ ಕೆಲಸವೇನೂ ಆಗಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಅವಳಿಗೆ ಈಗ ಮೇಣ ಕೆರೆಯುವಾಗ ನೆನಪಾಗುತ್ತಿದ್ದದ್ದು ಅವರ ಮುಖ. ಮಾವ ನಗುತ್ತಿದ್ದರು.

"ಏನಕ್ಕಾ, ಇವತ್ತು ಬಾಯಿಯನ್ನೇ ತಿರುಗಿಸಿ ಇಟ್ಟಿದೀರಲ್ಲ," ಎಂದು ಲ್ಯಾಬಿನ ಯಜಮಾನ ಹಿಂದಿನಿಂದ ಬಗ್ಗಿ ನೋಡಿ ನಕ್ಕ. ಅವಳು ನಗಲಿಲ್ಲ. ಹಲ್ಲನ್ನು ಕಿತ್ತು, ಮೇಣವನ್ನು ಮತ್ತೆ ದೀಪಕ್ಕೆ ಹಿಡಿದಳು. ಹೊಂದದ ಸೆಟ್ಟು ವಾಪಸು ಬರುತ್ತದೆ. ಬಂದಾಗ ಕಚ್ಚುವ ಕಡೆ ಉಜ್ಜಿ ಉಜ್ಜಿ, ಬಾಯಿಗೆ ಹೊಂದುವವರೆಗೆ ಸವೆಸಿ ಕಳಿಸುವುದು ಅವಳ ಕೆಲಸ. ಹಾಗೆ ಉಜ್ಜಿದ ಹಲ್ಲನ್ನು ಹಾಕಿಕೊಂಡು ನಕ್ಕವರ ಮುಖ ಅವಳು ಒಂದೂ ನೋಡಿಲ್ಲ. ಡಾಕ್ಟರ ಹತ್ತಿರ ಹೋದವರು ಡಾಕ್ಟರಿಗೆ ಕೈಮುಗಿದು ಬರುತ್ತಾರೆ, ಅಷ್ಟೆ. ಅವಳ ಕೆಲಸ ಚೆನ್ನಾಗಿದೆ ಎನ್ನುವುದಕ್ಕೆ ಇದ್ದ ಒಂದೇ ಸಾಕ್ಷಿ, ಅದು ಹಿಂದಿರುಗಿ ಬರಲಿಲ್ಲ ಎನ್ನುವುದು. ಇಷ್ಟು ವರ್ಷ ಅದರಲ್ಲೇ ತೃಪ್ತಿಪಟ್ಟುಕೊಂಡವಳಿಗೆ, ವಿಶ್ವವಿದ್ಯಾಲಯದಲ್ಲಿ ಮರಗಳ ಅಧ್ಯಯನ ಮಾಡುವ ಒಬ್ಬ ಹುಡುಗಿಯಿಂದ ಒಂದು ದಿನ ಫೋನಿಗೆ ಬಂದ ಎರಡು ಪದ ಎಷ್ಟು ನೆತ್ತಿಗೇರಿತ್ತೆಂದು ನೆನೆದರೆ ಈಗ ನಾಚಿಕೆಯಾಗುತ್ತದೆ. "ಬಹಳ ವಿಶೇಷವಾಗಿದೆ" ಎಂದು ಬರೆದಿದ್ದಳು ಆ ಹುಡುಗಿ. ಅವಳು ಅದನ್ನು ಬಸ್ಸಿನಲ್ಲಿ ಓದಿದ್ದಳು, ಇಳಿದ ಮೇಲೆ ಓದಿದ್ದಳು, ಗಂಡನಿಗೆ ಊಟಕ್ಕೆ ಬಡಿಸುವಾಗ ಏನೋ ಲೆಕ್ಕ ನೋಡುವವಳ ಹಾಗೆ ಫೋನು ತೆಗೆದು ಮತ್ತೆ ಓದಿದ್ದಳು.

ವಿಶೇಷವಾದದ್ದು ನೇರಳೆ ಮರ. ಮರಗಳು ಯಾವ ಕಾಲದಲ್ಲಿ ಎಷ್ಟು ಎಲೆ ಉದುರಿಸುತ್ತವೆ, ಬಿಸಿಲು ಹೆಚ್ಚಾದಂತೆ ಅದು ಹೇಗೆ ಬದಲಾಗುತ್ತಿದೆ ಎಂದು ತಿಳಿಯಲು ವಿಶ್ವವಿದ್ಯಾಲಯದವರು ಊರೂರಿನ ಜನರಿಂದ ಲೆಕ್ಕ ಕೇಳಿದ್ದರು. ಬಲೆ ಕಟ್ಟಬೇಕು, ಭಾನುವಾರ ಭಾನುವಾರ ಬಲೆಯಲ್ಲಿರುವ ಎಲೆಗಳನ್ನು ತೆಗೆದು ಒಣಗಿಸಿ ತೂಗಬೇಕು, ತೂಕವನ್ನೂ ಫೋಟೋವನ್ನೂ ಕಳಿಸಬೇಕು. ಬಲೆಯನ್ನು ನಡುವೆ ಯಾರೂ ಮುಟ್ಟಬಾರದು. ಲ್ಯಾಬಿನಲ್ಲಿ ಪ್ಲಾಸ್ಟರ್ ಪುಡಿ ತೂಗಲು ಇಟ್ಟಿದ್ದ ಹಳೆಯ ತಕ್ಕಡಿಯನ್ನು ಕೇಳಿ ಪಡೆದು, ಅವಳು ಒಂದು ವಾರವೂ ತಪ್ಪದೆ ತೂಗಿ ಕಳಿಸಿದ್ದಳು. ತೋಟದ ಒಳಗೆ ಬೇರೆ ಗಿಡಗಳ ಕೆಳಗೆ ಕಟ್ಟಿದ ಬಲೆಗಳ ತೂಕ ಬೇರೆಯವರದರ ಹಾಗೆಯೇ ಇತ್ತು. ಗೋಡೆ ಪಕ್ಕದ ನೇರಳೆಯದು ಮಾತ್ರ ಒಂದು ಹಿಡಿಯೂ ದಾಟುತ್ತಿರಲಿಲ್ಲ. ಸುತ್ತಲಿನ ನೇರಳೆಗಳೆಲ್ಲ ಬಿಸಿಲಿಗೆ ಎಲೆ ಚೆಲ್ಲುತ್ತಿದ್ದಾಗ ಇದೊಂದು ಮರ ಜಿಪುಣನ ಹಾಗೆ ಹಿಡಿದುಕೊಂಡಿತ್ತು. ಕೆಳಗೆ ಮಣ್ಣನ್ನು ಕೆದಕದೆ, ಗುಡಿಸದೆ, ತಂಪಾಗಿಟ್ಟ ಕಾಡುತೋಟದ ಪ್ರಭಾವವಿರಬಹುದೇ ಎಂದು ಆ ಹುಡುಗಿ ಕೇಳಿದ್ದಳು. ಇರಬಹುದು ಎಂದು ಇವಳು ಬರೆದಿದ್ದಳು. ಬರೆಯುವಾಗ ಮೈ ಜುಮ್ಮೆಂದಿತ್ತು.

ಮನೆಯಲ್ಲಿ ಗಂಡ ಮಾತ್ರ ಅಂದೇ ಒಂದು ಮಾತು ಎಸೆದಿದ್ದ. ಅವನು ಲಿಫ್ಟ್ ರಿಪೇರಿ ಮಾಡುವವನು. ಲೋಕವನ್ನೆಲ್ಲ ಮೇಲೆ ಹೋಗುವುದು, ಕೆಳಗೆ ಬರುವುದು, ನಡುವೆ ಸಿಕ್ಕಿಕೊಳ್ಳುವುದು ಎಂದು ಮೂರೇ ಭಾಗ ಮಾಡಿಕೊಂಡವನು. "ಎಲೆ ಹಣ್ಣಾಗಿದ್ದು ಕಾಣುತ್ತೆ, ಉದುರಿದ್ದು ಕಾಣಲ್ಲ ಅಂದ್ರೆ ನಡುವೆ ಎಲ್ಲೋ ಸಿಕ್ಕಾಕ್ಕೊಂಡಿದೆ ನೋಡು," ಎಂದು ಹೇಳಿ ಕೈ ತೊಳೆಯಲು ಎದ್ದಿದ್ದ. ಅವಳಿಗೆ ಸಿಟ್ಟು ಬಂದಿತ್ತು. ಆ ಸಿಟ್ಟು ಅವನ ತಮಾಷೆಯಿಂದ ಬಂದದ್ದಲ್ಲ ಎಂದು ಅವಳಿಗೆ ಆಗಲೂ ಗೊತ್ತಿತ್ತು. ಯಾಕೆಂದರೆ ಅದಕ್ಕೂ ಮೊದಲೇ ಒಂದು ಭಾನುವಾರ, ಬಲೆಯ ಕೆಳಗಿನ ಮಣ್ಣಿನಲ್ಲಿ ಪೊರಕೆಯ ಗೆರೆಗಳನ್ನು ಅವಳು ಕಂಡಿದ್ದಳು. ಸಾಲಾಗಿ, ಒಂದರ ಪಕ್ಕ ಒಂದು, ಅಂಚು ತಪ್ಪದ ಗೆರೆಗಳು. ಬಸ್ ಡಿಪೋದ ಅಂಗಳವನ್ನು ಜೀವಮಾನವಿಡೀ ಗುಡಿಸಿದ, ಗುಡಿಸಿಸಿದ ಮಾವನ ಕೈ ಮಾತ್ರ ಎಳೆಯಬಲ್ಲ ಗೆರೆಗಳು. ನೋಡಿದ್ದಳು, ಒಂದು ಕ್ಷಣ ನಿಂತಿದ್ದಳು, ಆಮೇಲೆ ಚಪ್ಪಲಿಯ ತುದಿಯಿಂದ ಅವನ್ನು ಉಜ್ಜಿ ಅಳಿಸಿದ್ದಳು. ಯಾಕೆ ಅಳಿಸಿದೆ ಎಂದು ಈ ಹೊತ್ತು ಕೇಳಿದರೆ ಅವಳ ಹತ್ತಿರ ಉತ್ತರವಿದೆ. ಅಳಿಸದಿದ್ದರೆ ಮರ ವಿಶೇಷವಾಗಿ ಉಳಿಯುತ್ತಿರಲಿಲ್ಲ.

ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತಾಗ ಆ ಹುಡುಗಿಯದೇ ಫೋನು. "ಮೇಡಂ, ಸಂಜೆ ಸಭೆಗೆ ನಾನು ಬಂದೇ ಬರ್ತೀನಿ. ನಿಮ್ಮ ನೇರಳೆ ಲೆಕ್ಕ ನಮ್ಮ ಸರ್‌ಗೂ ತೋರಿಸ್ದೆ. ಆ ಜಾಗ ತೆಗಿಬಾರದು ಅಂತ ಅವರೂ ಹೇಳಿದಾರೆ. ನಿಮ್ಮ ಅಧ್ಯಕ್ಷರಿಗೆ ಅರ್ಥ ಆಗೋ ಹಾಗೆ ಹೇಳ್ತೀನಿ, ಯೋಚನೆ ಮಾಡ್ಬೇಡಿ."

"ಅಮ್ಮಾ, ಒಂದು ವಿಷಯ," ಎಂದಳು ಅವಳು.

"ಹೇಳಿ ಮೇಡಂ."

ಬಾಯಿಯವರೆಗೆ ಬಂದದ್ದು ಅಲ್ಲೇ ನಿಂತಿತು. "ಬಸ್ಸು ಕೊನೆ ಸ್ಟಾಪಿಗೆ ಬರಲ್ಲ, ಹಿಂದಿನ ಸ್ಟಾಪಲ್ಲೇ ಇಳೀಬೇಕು," ಎಂದು ಹೇಳಿದಳು. ಹುಡುಗಿ ಸ್ಕೂಟರಿನಲ್ಲಿ ಬರುತ್ತೇನೆಂದು ನಕ್ಕಳು. ಫೋನು ಇಟ್ಟ ಮೇಲೆ ಊಟ ಸೇರಲಿಲ್ಲ. ತನ್ನ ಬಾಯಲ್ಲಿ ಇರುವುದೂ ಯಾರೋ ಮಾಡಿಕೊಟ್ಟ ಸೆಟ್ಟು ಎನ್ನಿಸಿತು.

ಇವತ್ತಿನ ಸಭೆ, ತೋಟ ಉಳಿಯಬೇಕೋ ಕಲ್ಲು ಹಾಸಿ ಕಾರು ನಿಲ್ಲಿಸಬೇಕೋ ಎಂಬ ತೀರ್ಮಾನದ ಸಭೆ. ಬೀದಿಯ ಕೊನೆಯ ಆ ಜಾಗ ಬೀದಿಯ ಸಂಘದ್ದು. ಒಂದು ಕಡೆ ಅವಳ ಮನೆ, ಇನ್ನೊಂದು ಕಡೆ ಅಧ್ಯಕ್ಷರ ಮನೆ, ನಡುವೆ ಯಾರಿಗೂ ಬೇಡವಾದ ನೆಲ. ಮನೆ ಕಟ್ಟಿದವರೆಲ್ಲ ಒಡೆದ ಇಟ್ಟಿಗೆ, ಸಿಮೆಂಟಿನ ಗಟ್ಟಿ, ಮುರಿದ ಕಮೋಡು ತಂದು ಸುರಿದು ಹೋಗಿದ್ದ ಜಾಗ. ಅಧ್ಯಕ್ಷರ ಗೋಡೆಯ ಪಕ್ಕದಲ್ಲಿ ನೇರಳೆ ಮರವೊಂದು ಯಾರ ಉಪಕಾರವೂ ಇಲ್ಲದೆ ಬೆಳೆದಿತ್ತು. ಅವಳು ಜಗಳವಾಡಿಯೇ ಆ ಜಾಗವನ್ನು ಒಂದು ವರ್ಷದ ಮಟ್ಟಿಗೆ ಪಡೆದಿದ್ದಳು. ರಜೆಯ ದಿನಗಳಲ್ಲೆಲ್ಲ ಇಟ್ಟಿಗೆ ಹೊತ್ತಳು. ಅಂಗಡಿಗಳಿಂದ ರಟ್ಟಿನ ಪೆಟ್ಟಿಗೆ ಬೇಡಿ ತಂದು, ಬಿಚ್ಚಿ, ನೆಲದ ಮೇಲೆ ಹಾಸಿ, ನೀರು ಹೊಯ್ದು, ಮೇಲೆ ಒಣಹುಲ್ಲು, ಎಲೆ, ಮರದ ಪುಡಿ ಹರಡಿದಳು. ನೇರಳೆಯ ನೆರಳಿನಂಚಿಗೆ ಸೀಬೆ, ನಿಂಬೆ, ಪಪಾಯಿ; ಅದರ ಕೆಳಗೆ ಬದನೆ, ಮೆಣಸಿನ ಗಿಡ; ಅದರ ಕೆಳಗೆ ನೆಲ ಮುಚ್ಚುವ ಗೆಣಸು, ಕುಂಬಳ; ಬೇಲಿಗೆ ಅವರೆ. ಯಾವುದನ್ನೂ ಸಾಲಿನಲ್ಲಿ ನೆಡಲಿಲ್ಲ. ಕಾಡು ತಾನೇ ತನ್ನನ್ನು ನೋಡಿಕೊಳ್ಳುವ ಹಾಗೆ, ಆದರೆ ಮನುಷ್ಯರಿಗೂ ನಾಲ್ಕು ತುತ್ತು ಬಿಡುವ ಹಾಗೆ, ಎಂದು ಅವಳು ಕೇಳಿದವರಿಗೆಲ್ಲ ವಿವರಿಸುತ್ತಿದ್ದಳು. ಬೀದಿಯವರು ತಲೆಯಾಡಿಸಿ ಕೇಳಿ, ಅವಳು ಆಚೆ ಹೋದ ಮೇಲೆ ಮೂಗು ಮುರಿಯುತ್ತಿದ್ದರು. ಮೊದಲು ಹಲ್ಲಿನಕ್ಕ ಎನ್ನುತ್ತಿದ್ದವರು ಈಗ ಕಾಡಕ್ಕ ಎನ್ನತೊಡಗಿದರು. ಅನ್ನಲಿ ಎಂದುಕೊಂಡಳು. ಹಲ್ಲಿಗಿಂತ ಕಾಡು ವಾಸಿ.

ತೋಟ ಬಂದದ್ದರಿಂದ ನಿಜವಾಗಿ ಏನನ್ನಾದರೂ ಕಳೆದುಕೊಂಡವರು ಮಾವ ಒಬ್ಬರೇ. ಡಿಪೋದಿಂದ ನಿವೃತ್ತರಾದ ಮೇಲೆ ಮನೆಯ ಸುತ್ತ ಗುಡಿಸುವುದೇ ಅವರಿಗೆ ಡ್ಯೂಟಿ. "ಮಾವ, ತೋಟದ ಕಡೆ ಗುಡಿಸಬೇಡಿ," ಎಂದಾಗ ಅವರಿಗೆ ಅರ್ಥವೇ ಆಗಲಿಲ್ಲ. "ಕಸ ಬಿದ್ದಿದೆಯಲ್ಲಮ್ಮ," ಎಂದರು. "ಅದು ಕಸ ಅಲ್ಲ ಮಾವ, ಅದೇ ಗೊಬ್ಬರ." ದಿಂಬಿನ ಮೇಲೆ ಚಪ್ಪಲಿ ಇಡು ಎಂದು ಹೇಳಿದ್ದರೂ ಅವರ ಮುಖ ಹಾಗೆ ಆಗುತ್ತಿರಲಿಲ್ಲವೇನೋ. ಉದ್ದ ಹಿಡಿಯ ಪೊರಕೆಯನ್ನು ಬಾಗಿಲ ಹಿಂದೆ ನಿಲ್ಲಿಸಿದರು. ಆ ದಿನ ತಾನು ಗೆದ್ದೆ ಎಂದು ಅವಳು ತಿಳಿದಿದ್ದಳು.

ಅದಕ್ಕಿಂತ ದೊಡ್ಡ ಗೆಲುವು ಹೋದ ಸಲದ ಸಭೆಯದು. ಅಧ್ಯಕ್ಷರು ಎದ್ದು ನಿಂತು, "ದಿನಾ ಬೆಳಿಗ್ಗೆ ನಮ್ಮನೆ ಸಂದಿ ತುಂಬ ಇವರ ಕಾಡಿನ ಎಲೆ. ಗುಡಿಸಿ ಗುಡಿಸಿ ನನ್ನ ಸೊಂಟ ಹೋಯ್ತು," ಎಂದಿದ್ದರು. ಅವಳು ಫೋನು ತೆಗೆದು, ವಿಶ್ವವಿದ್ಯಾಲಯದ ಲೆಕ್ಕವನ್ನು ಎಲ್ಲರ ಮುಂದೆ ಓದಿದ್ದಳು. ಗೋಡೆ ಪಕ್ಕದ ಮರ ಎಲೆಯನ್ನೇ ಉದುರಿಸುತ್ತಿಲ್ಲ, ತೂಗಿ ನೋಡಿದ್ದೇವೆ, ವಿಜ್ಞಾನಿಗಳು ಒಪ್ಪಿದ್ದಾರೆ. "ಅಧ್ಯಕ್ಷರಿಗೆ ಎಲೆಗಳು ಕನಸಲ್ಲಿ ಬೀಳ್ತಿರಬಹುದು," ಎಂದು ಯಾರೋ ಹಿಂದಿನಿಂದ ಅಂದರು. ಜನ ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಿದ್ದಳು. ಅಧ್ಯಕ್ಷರ ಹೆಂಡತಿ ಕೂಡ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಆ ಮನುಷ್ಯ ಬಾಯಿ ತೆರೆದು ಮುಚ್ಚಿ, ಕುರ್ಚಿಯನ್ನು ಕೈಯಿಂದ ತಡವಿ ಹುಡುಕಿ ಕೂತದ್ದು ಅವಳಿಗೆ ಈಗ ಮೇಜಿನ ಮೇಲಿನ ಪ್ಲಾಸ್ಟರ್ ದವಡೆಗಳ ನಡುವೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವರು ಹೇಳಿದ್ದು ನಿಜ. ಅವರ ಸೊಂಟವೂ ನಿಜ. ತನ್ನ ಕಣ್ಣೆದುರು ದಿನಾ ಬಿದ್ದದ್ದನ್ನು ಬಿದ್ದಿಲ್ಲ ಎಂದು ಒಪ್ಪಿಕೊಂಡು ಒಬ್ಬ ಮನುಷ್ಯ ಮನೆಗೆ ಹೋಗಿದ್ದ. ಆ ದಿನ ರಾತ್ರಿ ಊಟಕ್ಕೆ ಕೂತಾಗ ಅವಳು ಆ ಕಥೆಯನ್ನು ಕೈ ಬಾಯಿ ತಿರುಗಿಸಿ ಹೇಳಿದ್ದಳು. ಮಾವ ತಟ್ಟೆಯಿಂದ ತಲೆಯೆತ್ತದೆ, ಉಪ್ಪು ಕೇಳಿದ್ದರು.

ಸಂಜೆ ಮನೆಗೆ ಬಂದಾಗ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಯಾರಾಗಿ ಕೂತಿದ್ದರು. ಅವರು ಸಭೆಗೆ ಬರುವವರಲ್ಲ. ಹಿಂದೊಮ್ಮೆ ಸಂಘದ ಕೋಣೆಯಲ್ಲಿ ಟೀ ಚೆಲ್ಲಿದಾಗ, "ನಮ್ಮ ಕಸದ ಮೇಸ್ತ್ರಿ ಇದಾರಲ್ಲ, ಒರೆಸ್ತಾರೆ ಬಿಡಿ," ಎಂದು ಅಧ್ಯಕ್ಷರು ಅಂದಿದ್ದರು, ತಮಾಷೆಗೇ ಅಂದಿದ್ದರು. ಮಾವ ಒರೆಸಿಯೂ ಇದ್ದರು. ಆಮೇಲೆ ಆ ಕಡೆ ಕಾಲಿಟ್ಟಿರಲಿಲ್ಲ.

ಅವಳು ಕಿಟಕಿಯ ಕಟ್ಟೆಯಿಂದ ಕನ್ನಡಕ ತೆಗೆದು ಸೆರಗಿಗೆ ಒರೆಸಿದಳು. "ಇದನ್ನ ಮರ್ತಿದ್ದೆ ಮಾವ. ಬೆಳಿಗ್ಗೆ ತಗೊಳ್ಳೋಕೆ ವಾಪಸ್ ಬಂದಿದ್ದೆ," ಎಂದಳು.

ಮಾವ ಅಂಗಿಯ ಗುಂಡಿಯನ್ನು ಬಿಚ್ಚಿ ಮತ್ತೆ ಹಾಕಿಕೊಂಡರು. "ತೋಟದ ಕಡೆಯಿಂದ ಬಂದ್ಯಾ?"

"ಹೂಂ."

"ಸರಿ ಹಾಗಾದ್ರೆ," ಎಂದರು. ಆಮೇಲೆ ಅವರೇ ಹೇಳಿದರು: "ಮೊದಮೊದಲು ಕಸ ಅಂತಲೇ ತೆಗೆದೆ. ಬಲೇಲಿ ಕೊಳೀತಾ ಬಿದ್ದಿರೋದು ನೋಡೋಕಾಗ್ತಿರಲಿಲ್ಲ. ನೀನು ಕೆಲಸಕ್ಕೆ ಹೋಗಿ ದಣಿದು ಬರ್ತೀಯ, ಇದನ್ನೂ ನೀನೇ ಯಾಕೆ ತೆಗೀಬೇಕು ಅಂತ. ಒಳಗಿನ ಬಲೆ ಮುಟ್ಟಿಲ್ಲ, ನಿನ್ನ ಗಿಡ ತುಳಿದುಬಿಡ್ತೀನಿ ಅಂತ."

"ಗೋಡೆಯಾಚೆ ಯಾಕೆ ಹಾಕಿದ್ರಿ?"

"ಅದು ಬೇರೆ," ಎಂದರು ಮಾವ. "ಅವನ ಅಂಗಳ ಗಲೀಜಾಗಲಿ, ಅವನೂ ಒಂದಿಷ್ಟು ಬಗ್ಗಿ ಗುಡಿಸಲಿ ಅಂತಲೇ ಹಾಕಿದ್ದು. ಅದಕ್ಕೆ ನಾನು ಸುಳ್ಳು ಹೇಳಲ್ಲ."

ಅವಳಿಗೆ ರೇಗಬೇಕೆನ್ನಿಸಿತು. ರೇಗಲು ಬೇಕಾದ ಮಾತುಗಳೆಲ್ಲ ಬಾಯಲ್ಲಿದ್ದವು. ನನ್ನ ವರ್ಷವೆಲ್ಲ ಹಾಳು ಮಾಡಿದಿರಿ, ನಾಲ್ಕು ಜನರೆದುರು ಮರ್ಯಾದೆ ತೆಗೆದಿರಿ. ಆದರೆ ಚಪ್ಪಲಿಯ ತುದಿಯಿಂದ ಅಳಿಸಿದ ಆ ಗೆರೆಗಳು ನಡುವೆ ಬಂದವು. ಮಾವ ಎಸೆದದ್ದು ಎಲೆ. ಅವಳು ಅಳಿಸಿದ್ದು ಅದಕ್ಕಿಂತ ಹೆಚ್ಚಿನದು.

"ನಾನು ಬಾಯಿ ಬಿಡಲ್ಲ," ಎಂದು ಮಾವ ತಗ್ಗಿದ ದನಿಯಲ್ಲಿ ಹೇಳಿದರು. "ನೀನೂ ಸುಮ್ನಿರು. ಆ ಹುಡುಗಿ ಬಂದು ಹೇಳ್ತಾಳೆ, ಅವರು ಒಪ್ಕೋತಾರೆ. ನಿನ್ನ ಕಾಡು ಉಳಿಯುತ್ತೆ. ನಾಳೆಯಿಂದ ನಾನು ಮುಟ್ಟಲ್ಲ. ಯಾರಿಗೆ ಗೊತ್ತಾಗುತ್ತೆ?"

ಹೌದು, ಯಾರಿಗೂ ಗೊತ್ತಾಗುವುದಿಲ್ಲ. ಅವಳು ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿದಳು. ಬಿಸಿಲು ಇಳಿದಿತ್ತು. ಪಪಾಯಿಯಲ್ಲಿ ಮೊದಲ ಕಾಯಿಗಳು ಕುತ್ತಿಗೆಗೆ ಅಂಟಿಕೊಂಡು ಕೂತಿದ್ದವು. ಗೆಣಸಿನ ಬಳ್ಳಿ ಕಮೋಡಿನ ಚೂರೊಂದನ್ನು ಪೂರ್ತಿ ಮುಚ್ಚಿತ್ತು. ರಟ್ಟು ಎತ್ತಿದರೆ ಎರೆಹುಳು ಸಿಗುವ ಮಣ್ಣಾಗಿತ್ತು ಅದು. ಒಂದು ಕಾಲಕ್ಕೆ ಗುದ್ದಲಿ ಇಟ್ಟರೆ ಠಣ್ಣೆನ್ನುತ್ತಿದ್ದ ನೆಲ. ಇದರ ಮೇಲೆ ಕಲ್ಲು ಹಾಸಿ ಕಾರು ನಿಲ್ಲಿಸುತ್ತಾರೆ. ಒಂದು ಸುಳ್ಳಿನಿಂದ ಇಷ್ಟು ಉಳಿಯುವುದಾದರೆ ಸುಳ್ಳಿಗೇನು ಬಂತು ಎಂದು ಅವಳು ತನ್ನನ್ನೇ ಕೇಳಿಕೊಂಡಳು, ಪ್ರಾಮಾಣಿಕವಾಗಿಯೇ ಕೇಳಿಕೊಂಡಳು. ಗಾಳಿಯಿರಲಿಲ್ಲ. ಆದರೂ ನೇರಳೆಯಿಂದ ಒಂದು ಎಲೆ ಕಳಚಿ, ಅವಸರವಿಲ್ಲದೆ ತಿರುಗುತ್ತಾ ಬಂದು ಖಾಲಿ ಬಲೆಯಲ್ಲಿ ಬಿತ್ತು. ಅದು ಬೀಳುವುದನ್ನು ಅವಳು ಕನ್ನಡಕ ಹಾಕಿಕೊಂಡೂ ನೋಡಿದಳು, ತೆಗೆದೂ ನೋಡಿದಳು. ಮರ ಇಷ್ಟು ದಿನವೂ ತನ್ನ ಕೆಲಸ ತಾನು ಮಾಡುತ್ತಲೇ ಇತ್ತು. ಮಾಡಿಲ್ಲವೆಂದು ಊರಿಗೆಲ್ಲ ಹೇಳಿದವಳು ಇವಳು.

ಸಂಘದ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೊರಗಿಸಿದ ಕೇರಂ ಬೋರ್ಡು, ತಿರುಗುವುದಕ್ಕಿಂತ ಹೆಚ್ಚು ಗೊಣಗುವ ಫ್ಯಾನು. ಗಂಡ ಕೆಲಸದಿಂದ ನೇರ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ಅಪ್ಪನನ್ನು ನೋಡಿ ಹುಬ್ಬೇರಿಸಿದ. ಅಧ್ಯಕ್ಷರು ಒಂದು ಕೈಯನ್ನು ಸೊಂಟಕ್ಕೆ ಕೊಟ್ಟುಕೊಂಡೇ ಮಾತಾಡಿದರು. ವರ್ಷ ಮುಗಿದಿದೆ, ಹಾವು ಬರಬಹುದು, ಸೊಳ್ಳೆ ಬರುತ್ತದೆ, ಕಾರುಗಳಿಗೆ ಜಾಗವಿಲ್ಲ. "ಎಲೆ ವಿಷಯ ಮಾತ್ರ ನಾನು ಎತ್ತಲ್ಲಪ್ಪ," ಎಂದರು ಕೊನೆಗೆ. "ಅದು ಹೋದ ಸಲವೇ ತೀರ್ಮಾನ ಆಗಿದೆ. ನನಗೆ ಕಾಣೋದು ಕನಸು." ಈ ಸಲ ಯಾರೂ ನಗಲಿಲ್ಲ. ಅವರು ಅದನ್ನು ಹೇಳಿದ ರೀತಿಯಲ್ಲಿ ನಗುವಂಥದ್ದೇನೂ ಇರಲಿಲ್ಲ.

ಆಮೇಲೆ ಆ ಹುಡುಗಿ ಎದ್ದಳು. ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಜಡೆ, ಕೈಯಲ್ಲಿ ದೊಡ್ಡ ಹಾಳೆಗೆ ಅಂಟಿಸಿದ ಗೆರೆಚಿತ್ರ. ಎಲ್ಲ ಊರಿನ ನೇರಳೆಗಳ ಗೆರೆಗಳು ಗುಡ್ಡದ ಹಾಗೆ ಏರಿ ಇಳಿದಿದ್ದವು. ಒಂದೇ ಒಂದು ಕೆಂಪು ಗೆರೆ ನೆಲ ಹಿಡಿದು ಮಲಗಿತ್ತು. "ಈ ಕೆಂಪು ಗೆರೆ ಇದೆಯಲ್ಲ, ಇದು ನಿಮ್ಮ ಬೀದಿಯ ಮರ," ಎಂದು ಶುರು ಮಾಡಿದಳು. ಅವಳ ದನಿಯಲ್ಲಿದ್ದ ಹೆಮ್ಮೆ ಕೇಳಲಾಗದೆ ಇವಳು ಎದ್ದು ನಿಂತಳು.

"ನಿಲ್ಸಮ್ಮಾ," ಎಂದಳು. "ಆ ಗೆರೆ ಸುಳ್ಳು."

ಹುಡುಗಿ ಹಾಳೆಯನ್ನು ಹಾಗೇ ಎತ್ತಿ ಹಿಡಿದುಕೊಂಡೇ ನಿಂತಳು.

"ಮರ ಎಲೆ ಉದುರಿಸ್ತಾ ಇದೆ. ಎಲ್ಲ ನೇರಳೆ ಹಾಗೇನೇ. ಬಲೇಲಿ ಬಿದ್ದ ಎಲೆ ನಾನು ತೂಗೋಕೆ ಮುಂಚೆನೇ ಖಾಲಿ ಆಗ್ತಿತ್ತು. ಅದನ್ನ ಗೋಡೆಯಾಚೆ ಹಾಕಿರೋದು ನಮ್ಮನೆಯಿಂದಲೇ. ಅಧ್ಯಕ್ಷರು ಹೇಳಿದ್ದು ಅಷ್ಟೂ ನಿಜ. ನನಗೆ ಅನುಮಾನ ಬಂದಿತ್ತು. ಬಂದಿದ್ದನ್ನ ನುಂಗಿಕೊಂಡೆ. ಇವರನ್ನ ನೋಡಿ ನಕ್ಕಿದ್ದೂ ತಪ್ಪು."

"ನಮ್ಮನೆಯಿಂದ ಅಂತ ಯಾಕೆ ಸುತ್ತಿ ಬಳಸಿ ಹೇಳ್ತೀಯಮ್ಮ," ಎಂದು ಹಿಂದಿನಿಂದ ಮಾವ ಎದ್ದರು. "ಹಾಕಿದ್ದು ನಾನು. ಕಸದ ಮೇಸ್ತ್ರಿ." ಅಧ್ಯಕ್ಷರ ಕಡೆ ನೋಡಿಯೇ ಹೇಳಿದರು. ಅಧ್ಯಕ್ಷರು ಕಣ್ಣು ತಿರುಗಿಸಿದರು. ಆ ಟೀ ಅವರಿಗೂ ನೆನಪಿತ್ತೆಂದು ಕಾಣುತ್ತದೆ.

ಕೋಣೆಯಲ್ಲಿ ಗುಜುಗುಜು ಎದ್ದಿತು. ಅಧ್ಯಕ್ಷರು ಮೇಜು ತಟ್ಟಿ, "ಹಾಗಾದ್ರೆ ಮುಗೀತಲ್ಲ," ಎಂದರು. ಗೆದ್ದ ದನಿಯಾಗಿರಲಿಲ್ಲ ಅದು, ದಣಿದ ದನಿ. "ಇವರ ಲೆಕ್ಕನೂ ಸುಳ್ಳು, ಕಾಡೂ ಸಾಕು. ಭಾನುವಾರ ಕಲ್ಲು ತರಿಸೋಣ."

"ಮುಗಿದಿಲ್ಲ," ಎಂದಳು ಅವಳು. ಇನ್ನೂ ನಿಂತೇ ಇದ್ದಳು. "ಎಲೆಗೆ ಕ್ಷಮೆ ಕೇಳ್ತೀನಿ. ನಿಮ್ಮ ಸಂದಿ ನಾನೇ ಬಂದು ಗುಡಿಸ್ತೀನಿ. ಆದ್ರೆ ಕಾಡಿಗೆ ಕ್ಷಮೆ ಕೇಳಲ್ಲ. ತಪ್ಪಾಗಿದ್ದು ಲೆಕ್ಕ, ಮರ ಅಲ್ಲ. ಇಷ್ಟು ದಿನ ಅದು ವಿಶೇಷ ಅಂತ ಹೇಳಿ ಉಳಿಸ್ಕೊಳ್ಳೋಕೆ ನೋಡಿದೆ. ವಿಶೇಷ ಏನೂ ಇಲ್ಲ. ಎಲ್ಲ ಮರದ ಹಾಗೆ ಒಂದು ಮರ. ಅದಕ್ಕೇ ಇರಬೇಕು ಅಂತೀನಿ. ಇಟ್ಟಿಗೆ ಸುರಿಯೋವಾಗ ಯಾರೂ ಸಭೆ ಕರೀಲಿಲ್ಲ. ಕಮೋಡ್ ಎಸೆಯೋವಾಗ ಯಾರ ಸೊಂಟನೂ ನೋಯಲಿಲ್ಲ. ನಾನು ತೆಗೆದೆ. ಈಗ ನಾನು ತೆರವು ಮಾಡಲ್ಲ."

"ಕೈ ಎತ್ತಿಸ್ತೀವಿ," ಎಂದರು ಅಧ್ಯಕ್ಷರು.

"ಎತ್ತಿಸಿ."

ಕಲ್ಲು ಹಾಸಲು ಸಾಲುಸಾಲಾಗಿ ಕೈಗಳು ಎದ್ದವು. ಎಣಿಸುವ ಅಗತ್ಯವೇ ಬೀಳಲಿಲ್ಲ. ಅವಳ ಪರವಾಗಿ ಎದ್ದ ಕೈಗಳಲ್ಲಿ ಗಂಡನದೊಂದು, ಮಾವನದೊಂದು. ಅಧ್ಯಕ್ಷರ ಹೆಂಡತಿ ಎತ್ತಲೋ ಬೇಡವೋ ಎಂಬಂತೆ ಬೆರಳುಗಳನ್ನು ಮಡಿಲಲ್ಲೇ ಬಿಡಿಸಿ ಮಡಿಸಿದರು. "ನೀವು ಕೈ ಎತ್ತಿದ್ರಿ," ಎಂದು ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, "ಆದ್ರೆ ಭಾನುವಾರ ನಾನು ಅಲ್ಲೇ ಇರ್ತೀನಿ. ಎಲೆ ತೂಗೋ ದಿನ ಅದು."

ಹೊರಗೆ ಹುಡುಗಿ ಸ್ಕೂಟರಿನ ಸೀಟನ್ನು ಎತ್ತಿ ಗೆರೆಚಿತ್ರವನ್ನು ಮಡಿಸಿ ತುರುಕುತ್ತಿದ್ದಳು. ಹಾಳೆ ಹಿಡಿಸುತ್ತಿರಲಿಲ್ಲ. "ಮಧ್ಯಾಹ್ನವೇ ಹೇಳಬಹುದಿತ್ತಲ್ಲ ಮೇಡಂ," ಎಂದಳು. "ಅಷ್ಟು ಜನರ ಮುಂದೆ..." ಕಣ್ಣಲ್ಲಿ ನೀರಿತ್ತು. ಹೇಳಬಹುದಿತ್ತು. ಹೇಳಲಿಲ್ಲ. ಬೇರೆಯವರಿಗೆ ಮಾಡಿದ ಅವಮಾನವನ್ನು ತೀರಿಸಲು ಹೋಗಿ ಇನ್ನೊಬ್ಬಳಿಗೆ ಮಾಡಿದ್ದಳು.

"ನೇರಳೆ ಲೆಕ್ಕ ಅಷ್ಟೂ ತೆಗೆದುಹಾಕಬೇಕು," ಎಂದಳು ಹುಡುಗಿ.

"ತೆಗೆದುಹಾಕು. ಭಾನುವಾರದಿಂದ ಸರಿಯಾದ್ದು ಕಳಿಸ್ತೀನಿ."

"ಜಾಗವೇ ಹೋಗುತ್ತಲ್ಲ ಮೇಡಂ."

"ಅದು ಹೋದಾಗ ಹೋಗಿದೆ ಅಂತ ಕಳಿಸ್ತೀನಿ."

ಹುಡುಗಿ ಸೀಟು ಮುಚ್ಚಿ, ಸ್ಕೂಟರು ಹತ್ತಿ ಹೊರಟಳು. ಮನೆಗೆ ನಡೆಯುವಾಗ ಗಂಡ ಅವಳ ಪಕ್ಕಕ್ಕೆ ಬಂದು, "ಸಿಕ್ಕಾಕ್ಕೊಂಡಿದ್ದು ಕೆಳಗೆ ಬಂತು ಬಿಡು," ಎಂದ. ಈ ಸಲ ಅವಳಿಗೆ ಸಿಟ್ಟು ಬರಲಿಲ್ಲ.

ಭಾನುವಾರ ಬೆಳಕು ಹರಿಯುತ್ತಲೇ ಅವಳು ಪೊರಕೆ ಬುಟ್ಟಿ ಹಿಡಿದು ಅಧ್ಯಕ್ಷರ ಸಂದಿಗೆ ಹೋದಳು. ಗೋಡೆಗೂ ಮನೆಗೂ ನಡುವೆ ಒಬ್ಬರು ಅಡ್ಡವಾಗಿ ನಡೆಯುವಷ್ಟು ಜಾಗ. ಮಾವ ಎಸೆಯುವುದನ್ನು ಬಿಟ್ಟಿದ್ದರೂ ನೇರಳೆ ತಾನಾಗಿ ಕಳಿಸಿದ ಒಂದಷ್ಟು ಅಲ್ಲಿ ಬಿದ್ದಿತ್ತು. ಬಗ್ಗಿದರೆ ನೆಟ್ಟಗಾಗಲು ಗೋಡೆ ಹಿಡಿಯಬೇಕು. ಈ ಇಕ್ಕಟ್ಟಿನಲ್ಲಿ ಆ ವಯಸ್ಸಾದ ಮನುಷ್ಯ ದಿನಾ ಬೆಳಿಗ್ಗೆ ಏನು ಪಡಿಪಾಟಲು ಪಟ್ಟಿರಬೇಕೆಂದು ಅವಳ ಸೊಂಟಕ್ಕೇ ತಿಳಿಯಿತು. ಕಿಟಕಿಯಲ್ಲಿ ಅಧ್ಯಕ್ಷರು ಕಾಣಿಸಿಕೊಂಡರು. ಅವಳು ಗುಡಿಸುವುದನ್ನು ನಿಲ್ಲಿಸಲಿಲ್ಲ, ಅವರು ಬೇಡವೆನ್ನಲಿಲ್ಲ. ಬಹಳ ಹೊತ್ತಾದ ಮೇಲೆ, "ಆ ಮೂಲೇಲಿ ಇನ್ನೊಂದಿಷ್ಟಿದೆ," ಎಂದರು. ಅವಳು ಮೂಲೆಯನ್ನೂ ಗುಡಿಸಿದಳು. ತಲೆ ತಗ್ಗಿಸಿ ಗುಡಿಸಿದಳೇ ಹೊರತು, ತಗ್ಗಿ ಹೋಗಲಿಲ್ಲ.

ಬುಟ್ಟಿ ಹೊತ್ತು ತೋಟಕ್ಕೆ ಬಂದರೆ ಬೇಲಿಯ ಗೇಟಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಮಾವ ಕೂತಿದ್ದರು. ಅದೇ ಇಸ್ತ್ರಿಯ ಅಂಗಿ. ಉದ್ದ ಹಿಡಿಯ ಪೊರಕೆ ಮಡಿಲಲ್ಲಿ ಅಡ್ಡ. "ಇದನ್ನ ಬಲೆಗೆ ಹಾಕ್ತೀಯಾ?" ಎಂದು ಬುಟ್ಟಿಯನ್ನು ನೋಡಿ ಕೇಳಿದರು. "ಇಲ್ಲ ಮಾವ. ಬಲೆಯಲ್ಲಿ ಬಿದ್ದಿದ್ದು ಮಾತ್ರ ಲೆಕ್ಕ. ಇದು ನೆಲಕ್ಕೆ," ಎಂದು ಎಲೆಗಳನ್ನು ಪಪಾಯಿಯ ಬುಡಕ್ಕೆ ಸುರಿದಳು. ಬೀದಿಯ ಆ ತುದಿಯಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿಸಿತು.

ಬಲೆ ತುಂಬಿತ್ತು. ಇದೇ ಮೊದಲ ಸಲ ಅವಳು ಅದನ್ನು ತುಂಬಿದ್ದು ಕಂಡದ್ದು. ಹಳದಿ, ಕಂದು, ತುದಿಯಲ್ಲಿ ಹುಳ ತಿಂದ, ಇನ್ನೂ ಅರ್ಧ ಹಸಿರಿದ್ದ ಎಲೆಗಳು, ಅವುಗಳ ಭಾರಕ್ಕೆ ಪರದೆ ನಡುವೆ ಜೋತು ನೆಲ ಮುಟ್ಟುವಂತಾಗಿತ್ತು. ಕಣ್ಣು ತುಂಬಿಬಂತು ಅವಳಿಗೆ. ಅವಳು ಕೂತು, ಕನ್ನಡಕ ಹಾಕಿಕೊಂಡು, ಎಲೆಗಳನ್ನು ಒಂದೊಂದೇ ಹಿಡಿಯಾಗಿ ಬಟ್ಟೆಯ ಮೇಲೆ ಬಿಸಿಲಿಗೆ ಹರಡತೊಡಗಿದಳು. ತಕ್ಕಡಿ ಪಕ್ಕದಲ್ಲಿತ್ತು. ಒಣಗಲು ಇಡೀ ದಿನ ಬೇಕು. ಇಡೀ ದಿನ ಅವಳು ಇಲ್ಲಿಂದ ಏಳುವಂತಿಲ್ಲ. ತೂಕ ಎಲ್ಲರ ನೇರಳೆಯ ಹಾಗೆಯೇ ಬರುತ್ತದೆ. ಹುಡುಗಿಗೆ ಕಳಿಸಿದರೆ "ತಲುಪಿತು" ಎಂದಷ್ಟೇ ಉತ್ತರ ಬರಬಹುದು, ಅದೂ ಬಂದರೆ. ಬರಲಿ.

ಕಲ್ಲು ತುಂಬಿದ ಟ್ರ್ಯಾಕ್ಟರು ಗೇಟಿನ ಮುಂದೆ ನಿಂತಿತು. ಅಧ್ಯಕ್ಷರು ತಮ್ಮ ಗೇಟಿನವರೆಗೆ ಬಂದು, ಸೊಂಟಕ್ಕೆ ಕೈ ಕೊಟ್ಟು, ಅಲ್ಲೇ ನಿಂತರು. ನಾಲ್ಕಾರು ಮನೆಗಳ ಬಾಗಿಲು ತೆರೆದವು. ಡ್ರೈವರು ಎಂಜಿನ್ನು ಆರಿಸದೆ, ಕೆಳಗಿಳಿಯದೆ ಕೇಳಿದ: "ಯಜಮಾನ್ರೇ, ಸ್ವಲ್ಪ ಕುರ್ಚಿ ಎತ್ತಿ. ಕಲ್ಲು ಇಳಿಸ್ಬೇಕು."

"ಆಗಲ್ಲಪ್ಪ," ಎಂದರು ಮಾವ. "ಕೆಲಸ ನಡೀತಾ ಇದೆ."

ಡ್ರೈವರು ಕುತ್ತಿಗೆ ಉದ್ದ ಮಾಡಿ ಒಳಗೆ ನೋಡಿದ. ಗಿಡಗಳ ನಡುವೆ ಕುಕ್ಕರುಗಾಲಲ್ಲಿ ಕೂತ ಒಬ್ಬಳು ಹೆಂಗಸು, ಒಂದು ಬಟ್ಟೆ, ಒಂದಷ್ಟು ಒಣ ಎಲೆ. "ಏನು ಕೆಲಸ?" ಎಂದ.

ಮಾವ ತಿರುಗಿ ಅವಳನ್ನು ನೋಡಿದರು, ಮೇಲೆ ಮರವನ್ನು ನೋಡಿದರು, ಪೊರಕೆಯ ಹಿಡಿಯನ್ನು ನೆಲಕ್ಕೆ ಊರಿದರು.

"ಎಲೆ ಬೀಳ್ತಾ ಇದೆ," ಎಂದರು. "ತೂಗ್ತಾ ಇದೀವಿ."